ಕಚ್ಚಾ ಹೊಲಿಗೆ

ಮತ್ತಿಕೆರೆಯಲ್ಲಿ ಧನುರ್ಮಾಸದ ಬಿಸಿಲು
ನಮ್ಮ ಹಿತ್ತಿಲಿಗೆ ಬರುವುದು ಒಂಬತ್ತೂಮುಕ್ಕಾಲಿಗೆ,
ಪಕ್ಕದ ನಾಲ್ಕಂತಸ್ತಿನ ಎರಡು ಸಿಂಟೆಕ್ಸುಗಳ ಸಂದಿಯಿಂದ.
ಹನ್ನೊಂದೂಕಾಲಿಗೆ ಎದ್ದು ಹೋಗುತ್ತದೆ,
ಕಾಫಿಗೂ ಕಾಯದ ನೆಂಟರ ಹಾಗೆ.

ಅಷ್ಟರೊಳಗೆ ನಾನು
ಗೋಡೆಯ ಮೇಲೆ ಅದರ ಅಂಚನ್ನು
ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಲ್ಲಿ
ಗೀಚಿಕೊಳ್ಳಬೇಕು.
ಕ್ರಿಸ್‌ಮಸ್ಸಿನ ಫ್ರಾಕು ಏಳು ಬಾಕಿ,
ಸಂಕ್ರಾಂತಿಯ ಲಂಗಗಳು ಇನ್ನೂ ಕತ್ತರಿ ಕಂಡಿಲ್ಲ,
ಮೆಷಿನ್ನು ಒಳಗೆ ಬಾಯಿ ಬಿಟ್ಟುಕೊಂಡು ಕೂತಿದೆ.
ಕೂತಿರಲಿ.

ಹದಿನಾಲ್ಕಡಿಗೆ ಒಂಬತ್ತಡಿ.
ಟೇಪು ಹಿಡಿದು ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ ಬಂತು.
ನೆಲ ಬಟ್ಟೆಯ ಹಾಗಲ್ಲ,
ಎಳೆದರೆ ಅರ್ಧ ಇಂಚೂ ಕೊಡುವುದಿಲ್ಲ.
ಹರಿದ ನವೆಂಬರ್ ಹಾಳೆಯ ಹಿಂಬದಿಗೆ
ಪೆನ್ಸಿಲ್ಲಿನಲ್ಲಿ ತೋಟ ಕತ್ತರಿಸುತ್ತೇನೆ:
ಬೆನ್ನಿಗೆ ಮೂಲಂಗಿ, ಎರಡು ತೋಳಿಗೂ ಮೆಂತ್ಯ,
ಕೊರಳ ಪಟ್ಟಿಗೆ ಕೊತ್ತಂಬರಿ,
ನಡುವಿಗೆ ನವಿಲುಕೋಸು. ಅದು ಉಬ್ಬುತ್ತದೆ,
ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರಬೇಕು.
ಗೋಡೆಯುದ್ದಕ್ಕೂ ಚಪ್ಪರದವರೆ.
ಅದರ ಬೀಜ ಕೊಟ್ಟದ್ದು ಆಚೆಮನೆಯ ಜುಲೇಖಾಬಿ,
ಹಳೇ ಮಾತ್ರೆಯ ಡಬ್ಬಿಯಲ್ಲಿ.
ದಿನಕ್ಕೆರಡು ಸಲ, ಊಟದ ನಂತರ, ಎಂಬ ಚೀಟಿ
ಇನ್ನೂ ಹಾಗೇ ಅಂಟಿಕೊಂಡಿದೆ.

ಕಾಗದದ ಮೇಲೆ ಎಷ್ಟು ಚೆನ್ನ!
ಹೇನು ಹತ್ತುವುದಿಲ್ಲ, ಹೆಗ್ಗಣ ತೋಡುವುದಿಲ್ಲ,
ಕಾವೇರಿ ನೀರು ಎರಡು ದಿನಕ್ಕೊಮ್ಮೆ ಎಂಬುದು
ಅಲ್ಲಿಯ ಸೊಪ್ಪಿಗೆ ಗೊತ್ತೇ ಇಲ್ಲ.
ಹೋದ ವರ್ಷದ ಹಾಳೆ ಟ್ರಂಕಿನಲ್ಲಿತ್ತು, ತೆಗೆದು ನೋಡಿದೆ.
ಒಂಬತ್ತು ತರಕಾರಿ ಬರೆದಿದ್ದೆ.
ಬಂದದ್ದು ಹರಿವೆ.
ಹರಿವೆಯನ್ನು ನಾನು ಬರೆದೇ ಇರಲಿಲ್ಲ.

ಅಷ್ಟರಲ್ಲಿ ಕುಂಡೆಕುಸ್ಕ ಬಂತು.
ಆ ಹೆಸರು ಹೇಳಲು ನಮ್ಮತ್ತೆ ನಾಚುತ್ತಿದ್ದರು,
ಬಾಲದ ಹಕ್ಕಿ, ಎನ್ನುತ್ತಿದ್ದರು ಸೆರಗಿನೊಳಗಿಂದ.
ಹಿಮದ ಬೆಟ್ಟದ ಕಡೆಯಿಂದ ಬರುತ್ತದಂತೆ, ಪ್ರತಿ ಚಳಿಗೆ,
ಇಷ್ಟು ದೊಡ್ಡ ದೇಶ ದಾಟಿ
ನಮ್ಮ ಬಚ್ಚಲ ನೀರು ಹರಿಯುವ ಗೇಣಗಲದ ಕಾಲುವೆಗೆ!
ಅಂಚಿನಲ್ಲಿ ನಾಲ್ಕು ಹೆಜ್ಜೆ,
ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ,
ನನ್ನ ಮೆಷಿನ್ನಿನ ಸೂಜಿಯೇ ಹೊರಗೆದ್ದು ಬಂದ ಹಾಗೆ.
ಮೂಲಂಗಿ ಎಂದು ಬರೆದಲ್ಲಿ ನಿಂತು
ಏನನ್ನೋ ನುಂಗಿ, ಮೆಂತ್ಯದ ತೋಳಿಗೆ ಹೋಯಿತು.
ಅದರ ಲೆಕ್ಕದಲ್ಲಿ ತೋಟ ಆಗಲೇ ಫಸಲಿಗೆ ಬಂದಿದೆ.

ಹರಟೆಮಲ್ಲರು ಏಳು ಜನ ಒಟ್ಟಿಗೆ ಇಳಿದು
ಒಣಗಿದೆಲೆ ಮಗುಚಿ ಮಗುಚಿ ಜಗಳ ತೆಗೆದರು,
ಬಾಕಿ ಫ್ರಾಕಿನ ಏಳು ತಾಯಂದಿರ ಹಾಗೆ.
ಸೀಬೆಯ ಮೇಲೆ ಪಿಕಳಾರ,
ಕಚ್ಚಿದ ಹಣ್ಣು ಮುಗಿಸದೆ ಮತ್ತೊಂದಕ್ಕೆ.
ನನಗೆ ಹೇಳಿಕೊಳ್ಳಲು ಏನೂ ಇಲ್ಲ, ನಾನೂ ಹಾಗೇ.

ಮೂಲೆಯ ಬದನೆ ಮುದಿ ಗಿಡ,
ಕೀಳಬೇಕೆಂದು ಹಾಳೆಯಲ್ಲಿ ಅಡ್ಡಗೆರೆ ಎಳೆದಿದ್ದೆ.
ಬುಡಕ್ಕೆ ಕೈ ಹಾಕಿದರೆ
ಎರಡೆಲೆ ಕೂಡಿಸಿ ಯಾರೋ ಹೊಲಿದಿದ್ದಾರೆ.
ಸಿಂಪಿಗ.
ಹಕ್ಕಿಗೂ ಅದೇ ಹೆಸರು, ನಮ್ಮಪ್ಪನನ್ನು ಕರೆಯುತ್ತಿದ್ದದ್ದೂ ಅದೇ.

ಕನ್ನಡಕ ತಂದು ನೋಡಿದೆ.
ಗಂಟಿಲ್ಲ. ಎಳೆಯ ತುದಿಯನ್ನು ಹಿಂಜಿ ಬಿಟ್ಟಿದೆ,
ಅಷ್ಟಕ್ಕೇ ನಿಂತಿದೆ.
ಹತ್ತಿ, ಜೇಡನ ನೂಲು, ನಡುವೆ ಒಂದೆಳೆ ಕೆಂಪು.
ಅದು ಸ್ಟೆಲ್ಲಾಳ ಫ್ರಾಕಿನದು,
ನನ್ನ ಕಸದ ಬುಟ್ಟಿಯಿಂದಲೇ.
ಒಳಗೆ ಮೊಟ್ಟೆಯಿಲ್ಲ.
ಬಿಟ್ಟುಹೋದ ಹಳೇ ಮನೆಯೋ,
ಮುಂದಿನದರ ಕಚ್ಚಾ ಹೊಲಿಗೆಯೋ,
ಕೇಳೋಣವೆಂದರೆ ಗಿರಾಕಿ ಎದುರಿಗಿಲ್ಲ.
ಹೊಲಿಗೆ ಸ್ವಲ್ಪ ಸೊಟ್ಟ. ಬಿಚ್ಚು ಎನ್ನಲು ಬಾಯಿ ಬರಲಿಲ್ಲ.

ಅಡ್ಡಗೆರೆಯನ್ನು ರಬ್ಬರಿನಲ್ಲಿ ಉಜ್ಜಿದೆ, ಹಾಳೆ ತೂತಾಯಿತು.
ಆ ತೂತಿನಲ್ಲೇ ಬದನೆ ಇರಲಿ.
ನವಿಲುಕೋಸು ಒಂದಡಿ ಸರಿದುಕೊಳ್ಳಲಿ,
ಒಳಗೆ ಬಿಟ್ಟ ಬಟ್ಟೆ ಇದೆಯಲ್ಲ.

ಹನ್ನೊಂದೂಕಾಲು. ಬಿಸಿಲು ಜುಲೇಖಾಬಿಯ ಗೋಡೆ ಹತ್ತಿತು.
ಒಂದು ಬೀಜವೂ ಇನ್ನೂ ಮಣ್ಣಿಗೆ ಬಿದ್ದಿಲ್ಲ,
ಉಗುರ ಸಂದಿಯಲ್ಲಿ ಮಾತ್ರ ನೀಲಿ.
ಒಳಗೆ ಹೋಗಿ, ಕಸದ ಬುಟ್ಟಿ ಎತ್ತಿ ತಂದು
ಕಿಟಕಿಯಾಚೆ ಇಟ್ಟೆ, ಕೊಕ್ಕಿಗೆಟುಕುವ ಹಾಗೆ.
ಇವತ್ತಿನ ಫ್ರಾಕು ಹಳದಿ.